ಡೊಂಬಿವಲಿಯ ಕಪಾಟು, ಧಾರವಾಡದ ಸೀರೆ

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿ ನೆಲಮಹಡಿಯ ಮನೆಯಲ್ಲಿದ್ದೇವೆ. ಅವ್ವ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಅವಳ ಸೀರೆಗಳನ್ನು ಧಾರವಾಡದಿಂದ ತಂದುಕೊಂಡೆ. ಒಂದು ಮೈಸೂರು ಸಿಲ್ಕ್, ಎರಡು ಇಳಕಲ್, ಒಂದು ಕಂಚಿ. ಒಂದೊಂದನ್ನೂ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಡಾಂಬರ್ ಗುಳಿಗೆ ಇಟ್ಟು, ಗೋದ್ರೆಜ್ ಕಪಾಟಿನಲ್ಲಿ ಇಟ್ಟಿದ್ದೆ. ಸೆಪ್ಟೆಂಬರಿನಲ್ಲಿ ಅಣ್ಣನ ಮಗಳ ನಿಶ್ಚಯ ಇದೆ ಅಂತ ಮೊನ್ನೆ ತೆಗೆದು ನೋಡಿದರೆ ಬೂದಿ ಉದುರಿಸಿದ ಹಾಗೆ ಬಿಳಿ ಚುಕ್ಕೆ, ಮುಗ್ಗು ವಾಸನೆ, ಜರಿ ಕಪ್ಪಾಗಿದೆ, ಮಡಿಕೆಯಲ್ಲಿ ಕಂದು ಗೆರೆ. ಅತ್ತೆ ಬಿಸಿಲಿಗೆ ಹಾಕು ಅನ್ನುತ್ತಾರೆ, ಪಕ್ಕದ ಮನೆಯವರು ವಿನೆಗರ್ ಅನ್ನುತ್ತಾರೆ, ಡ್ರೈಕ್ಲೀನಿಂಗ್‌ನವನು ಪಾಲಿಶ್ ಮಾಡಿಸಿ ಅಂದ. ಇಳಕಲ್ ಸೀರೆಯೊಂದರ ಮೇಲೆ ಹಳೆಯ ಅರಿಶಿನದ ಕಲೆಯೂ ಇದೆ. ಏನು ಮಾಡಲಿ? ಮನೆಯಲ್ಲಿ ಮೂರು ತಿಂಗಳ ಮೊಮ್ಮಗು ಇರುವುದರಿಂದ ನನಗೆ ಜಾಸ್ತಿ ಸಮಯವೂ ಸಿಗುವುದಿಲ್ಲ.

ಉತ್ತರ: ತಂಗಿ, ಮೊದಲು ಗುಳಿಗೆಯ ವಿಷಯ ಮುಗಿಸೋಣ, ಸೀರೆ ಆಮೇಲೆ. ಮೊಮ್ಮಗುವಿನ ಮಾತನ್ನು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ, ನಾನು ಪತ್ರ ಓದಿದ್ದೇ ಅಲ್ಲಿಂದ. ಡಾಂಬರ್ ಗುಳಿಗೆ ಎಂದರೆ ನ್ಯಾಫ್ತಲೀನ್. ಅದು ಕರಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ, ನಾವು ಅದನ್ನೇ ಉಸಿರಾಡುತ್ತೇವೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಹಸುಗೂಸುಗಳಲ್ಲಿ ಇದು ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲದು, ಕಾಮಾಲೆ ಅಪಾಯದ ಮಟ್ಟಕ್ಕೆ ಹೋಗಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಹಾಗಾಗಿ ಇವತ್ತೇ ಎಲ್ಲ ಗುಳಿಗೆಗಳನ್ನೂ ಆರಿಸಿ ಮನೆಯಿಂದ ಹೊರಗೆ ಹಾಕಿ. ಗುಳಿಗೆಯ ಜೊತೆ ಇಟ್ಟಿದ್ದ ದುಪ್ಪಟಿ, ಕುಲಾಯಿ, ಹಳೆಯ ಮೆತ್ತನೆ ಸೀರೆ, ಯಾವುದನ್ನೂ ಒಗೆದು ಗಾಳಿಗೆ ಹಾಕದೆ ಮಗುವಿಗೆ ಸುತ್ತಬೇಡಿ. ಬಾಣಂತಿತನದಲ್ಲಿ ಹಳೆಯ ಸೀರೆ ಹರಿದು ಮಗುವಿಗೆ ಹಾಸುವುದು ನಮ್ಮಲ್ಲಿ ರೂಢಿ ಅಲ್ವಾ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಸೀರೆ. ನಾನು ಮುಲುಂಡಿನಲ್ಲಿ ಮೂವತ್ತು ವರ್ಷ ಡ್ರೈಕ್ಲೀನಿಂಗ್ ಅಂಗಡಿ ನಡೆಸಿದವನು. ಆಗಸ್ಟ್ ಬಂತೆಂದರೆ ನಿಮ್ಮ ಪ್ರಶ್ನೆಯನ್ನೇ ಹಿಡಿದು ಜನ ಬರುತ್ತಿದ್ದರು. ಶ್ರಾವಣದ ಹಬ್ಬಕ್ಕೆ, ಗಣಪತಿಗೆ ಅಂತ ಕಪಾಟು ತೆಗೆಯುತ್ತಾರೆ, ಒಳಗೆ ನೋಡಿ ಎದೆ ಧಸಕ್ಕೆನ್ನುತ್ತದೆ, ತಕ್ಷಣ ಏನಾದರೂ ಮಾಡಬೇಕು ಅನಿಸುತ್ತದೆ. ಆ ಗಡಿಬಿಡಿಯಲ್ಲಿ ಹಾಳಾದ ಸೀರೆಗಳೇ ಬೂಷ್ಟು ಹಿಡಿದು ಹಾಳಾದವಕ್ಕಿಂತ ಜಾಸ್ತಿ. ನಿಮಗೆ ನನ್ನ ಅರ್ಧ ಉತ್ತರ ಇಷ್ಟೇ: ಈ ತಿಂಗಳು ಯಾವ ರೇಷ್ಮೆಗೂ ನೀರು, ಬಿಸಿಲು, ವಿನೆಗರ್, ಪಾಲಿಶ್ ಏನನ್ನೂ ತೋರಿಸಬೇಡಿ. ಕವರಿನಿಂದ ತೆಗೆಯಿರಿ, ಒಣಗಿಸಿ, ಅಕ್ಟೋಬರ್‌ವರೆಗೆ ಕಾಯಿರಿ.

ಆ ಬಿಳಿ ಚುಕ್ಕೆ ನಿಜವಾಗಿ ಬೂಷ್ಟೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಯಾಕೆಂದರೆ ನ್ಯಾಫ್ತಲೀನ್ ಆವಿ ಮುಚ್ಚಿದ ಕವರಿನೊಳಗೆ ತಿರುಗಿ ಹರಳುಗಟ್ಟಿ ಬಟ್ಟೆಯ ಮೇಲೇ ಕೂರುತ್ತದೆ. ಅದು ಬೆಳಕಿಗೆ ಸಣ್ಣಗೆ ಮಿನುಗುತ್ತದೆ, ಫ್ಯಾನ್ ಕೆಳಗೆ ಹರಡಿದರೆ ಒಂದೆರಡು ದಿನದಲ್ಲಿ ತಾನೇ ಮಾಯವಾಗುತ್ತದೆ. ಇದನ್ನು ಮಗು ಇರುವ ಕೋಣೆಯಲ್ಲಿ ಮಾತ್ರ ಮಾಡಬೇಡಿ. ಬೂಷ್ಟು ಹಾಗಲ್ಲ. ಮಂಕಾಗಿ, ಗುಂಡಗೆ, ಸ್ವಲ್ಪ ಹತ್ತಿಯ ಹಾಗೆ ಇರುತ್ತದೆ, ಹಸಿ ಮಣ್ಣಿನ ವಾಸನೆ ಬರುತ್ತದೆ, ಒರೆಸಿದರೂ ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ. ಮುಗ್ಗು ವಾಸನೆ ಎಂದು ಬರೆದಿದ್ದೀರಾದ್ದರಿಂದ ಬೂಷ್ಟಂತೂ ಇದೆ, ಬಹುಶಃ ಎರಡೂ ಇವೆ.

ಇದಕ್ಕೆ ಕಾರಣ ಆ ಪ್ಲಾಸ್ಟಿಕ್ ಕವರು. ನೀವು ಜೋಪಾನ ಮಾಡಲೆಂದೇ ಅದಕ್ಕೆ ಹಾಕಿದಿರಿ, ನಿಮ್ಮ ತಪ್ಪಿಲ್ಲ, ಅಂಗಡಿಯವರೇ ಹಾಗೆ ಮಾರುತ್ತಾರೆ. ಆದರೆ ರೇಷ್ಮೆ ಕೈಗೆ ಒಣಗಿದಂತೆ ಕಂಡಾಗಲೂ ತನ್ನ ತೂಕದ ನೂರಕ್ಕೆ ಹತ್ತು ಹನ್ನೊಂದರಷ್ಟು ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ, ಹವೆ ಹಸಿಯಾದರೆ ಇನ್ನೂ ಜಾಸ್ತಿ. ಧಾರವಾಡದಲ್ಲಿ ಅವ್ವನ ಟ್ರಂಕಿನಲ್ಲಿ ಅದಕ್ಕೆ ಏನೂ ಆಗಲಿಲ್ಲ. ಅಲ್ಲಿ ಹೆಚ್ಚುಕಡಿಮೆ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ಮುಂಬೈಯಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ, ಸಾಂತಾಕ್ರೂಜ್‌ನ ಸರಾಸರಿ ಆ ಒಂದು ತಿಂಗಳಿಗೇ 800 ಮಿಲಿಮೀಟರ್ ದಾಟುತ್ತದೆ. ಹವೆಯ ತೇವ ಸುಮಾರು ಶೇಕಡಾ 65-70 ದಾಟಿದ ಮೇಲೆ ಬೂಷ್ಟಿಗೆ ಬೆಳೆಯಲು ಸುಲಭ, ಇಲ್ಲಿ ಮಳೆಗಾಲದಲ್ಲಿ ಅದು 80ರ ಮೇಲೇ ಇರುತ್ತದೆ. ಕವರಿನ ಜಿಪ್ ಹಾಕಿದ ದಿನ ಒಳಗೆ ಎಷ್ಟು ತೇವ ಇತ್ತೋ ಅಷ್ಟೂ ಅಲ್ಲೇ ಸಿಕ್ಕಿಕೊಂಡಿತು. ಕಬ್ಬಿಣದ ಕಪಾಟು ಹೊರಗೋಡೆಗೆ ತಾಗಿಕೊಂಡಿದ್ದರೆ, ಮಳೆ ಹೊಡೆಯುವ ಗೋಡೆಯಾದರೆ, ಅದರ ಬೆನ್ನು ತಂಪಾಗಿ ಒಳಗೆ ಬೆವರುತ್ತದೆ, ಥೇಟ್ ತಣ್ಣೀರಿನ ಚೊಂಬಿನ ಹೊರಮೈ ಬೆವರಿದ ಹಾಗೆ. ನೆಲಮಹಡಿ ಬೇರೆ. ಇನ್ನು ಬೂಷ್ಟಿಗೆ ಊಟ ಬೇಕಲ್ಲ, ಅದು ಸೀರೆಯಲ್ಲೇ ಇರುತ್ತದೆ: ಗಂಜಿ, ಬೆವರು, ಕಣ್ಣಿಗೆ ಕಾಣದ ಪಾನಕದ ಹನಿ.

ಕಂದು ಗೆರೆಗೂ ಕಾರಣ ಒಳಗೇ ಇರಬೇಕು. ಮಡಿಕೆಯೊಳಗೆ ಅಂಗಡಿಯವರು ಇಟ್ಟ ರಟ್ಟು ಹಾಗೇ ಇದೆಯಾ ನೋಡಿ. ರಟ್ಟು, ನ್ಯೂಸ್‌ಪೇಪರ್, ಹಸಿ ಮರದ ಹಲಗೆ, ಇವೆಲ್ಲ ಮೆಲ್ಲಗೆ ಆಮ್ಲ ಬಿಡುತ್ತವೆ, ಬಟ್ಟೆ ಹಳದಿಯಾಗಿ ಆಮೇಲೆ ಕಂದಾಗುತ್ತದೆ. ಕೆಲವು ಪ್ಲಾಸ್ಟಿಕ್ಕೂ ಹಳದಿ ಕಲೆ ಮಾಡುತ್ತದೆ. ರಟ್ಟು ಇದ್ದರೆ ತೆಗೆದು ಬಿಸಾಡಿ. ಆ ಗೆರೆಯನ್ನು ಹೋಗಿಸಲು ಹೋಗಬೇಡಿ, ಅಲ್ಲಿ ನೂಲೇ ಬಡವಾಗಿರುತ್ತದೆ, ತಿಕ್ಕಿದರೆ ಗೆರೆಯ ಉದ್ದಕ್ಕೂ ಸೀಳುತ್ತದೆ.

ಬೂಷ್ಟು ತೆಗೆಯುವುದಕ್ಕೆ ಒಂದೇ ನಿಯಮ, ಒಣಗಿದ ಮೇಲೆಯೇ ಮುಟ್ಟುವುದು. ಹಸಿಯಿದ್ದಾಗ ಉಜ್ಜಿದರೆ ಅದು ನೂಲಿನ ಸಂದಿಗೆ ಇಳಿದು ಕಲೆಯಾಗಿ ಉಳಿಯುತ್ತದೆ. ಎಸಿ ಇದ್ದರೆ ಡ್ರೈ ಮೋಡ್‌ಗೆ ಹಾಕಿ, ಮಂಚದ ಮೇಲೆ ಬಿಳಿ ಪಂಚೆ ಹಾಸಿ, ಸೀರೆಯನ್ನು ಎರಡೇ ಮಡಿಕೆಯಲ್ಲಿ ಹರಡಿ ಬಾಗಿಲು ಹಾಕಿ ಬಿಡಿ. ಎಸಿ ಇಲ್ಲದಿದ್ದರೆ ಮಳೆ ಬಿಟ್ಟ ಒಂದು ಮಧ್ಯಾಹ್ನ, ಫ್ಯಾನ್ ಹಾಕಿ. ಮರುದಿನ ಬಾಲ್ಕನಿಗೋ ಗ್ಯಾಲರಿಗೋ ಒಯ್ದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಶೇವಿಂಗ್ ಬ್ರಷ್ಷಿನಂಥ ಮೆತ್ತನೆ ಬ್ರಷ್ಷಿನಿಂದ ಹೊರಮುಖವಾಗಿ ಹಗುರಾಗಿ ತಟ್ಟಿ. ಜರಿಯ ಮೇಲೆ ಬ್ರಷ್ ಬೇಡ. ಮನೆಯೊಳಗೆ ಝಾಡಿಸಬೇಡಿ, ಬೂಷ್ಟಿನ ಬೀಜ ಹಾರಿ ಉಳಿದ ಬಟ್ಟೆಗೂ ಹತ್ತುತ್ತದೆ, ಮಗುವಿನ ಮೂಗಿಗೂ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಶಕ್ತಿ ಕಡಿಮೆ ಮಾಡಿ, ಬಟ್ಟೆಗೆ ತಾಗಿಸದೆ ಮೇಲೆ ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯದು. ಇಷ್ಟಾದರೂ ಉಳಿದ ಚುಕ್ಕೆಯ ಮೇಲೆ ದಯವಿಟ್ಟು ಇಸ್ತ್ರಿ ಆಡಿಸಬೇಡಿ, ಬಿಸಿಗೆ ಕಲೆ ಕಚ್ಚಿಕೊಂಡುಬಿಡುತ್ತದೆ.

ಅತ್ತೆಯವರು ಬಿಸಿಲು ಅಂದದ್ದು ಪೂರ್ತಿ ತಪ್ಪಲ್ಲ. ಹತ್ತಿ ಸೀರೆಗೆ, ಹಾಸಿಗೆಗೆ, ಕಂಬಳಿಗೆ ಬಿಸಿಲಿನಂಥ ಮದ್ದಿಲ್ಲ. ರೇಷ್ಮೆಗೆ ಮಾತ್ರ ಬಿಸಿಲು ನಿಧಾನ ವಿಷ. ಬಣ್ಣ ಹೋಗುವುದು ಕಣ್ಣಿಗೆ ಕಾಣುತ್ತದೆ, ನೂಲು ಒಳಗೇ ಪುಡಿಯಾಗುವುದು ಕಾಣುವುದಿಲ್ಲ. ಮ್ಯೂಸಿಯಮ್ಮುಗಳಲ್ಲಿ ಹಳೆಯ ಬಟ್ಟೆಗಳನ್ನು ಸುಮಾರು 50 ಲಕ್ಸ್ ಬೆಳಕಿನಲ್ಲಿ ಇಡುತ್ತಾರೆ, ಅಂದರೆ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕಾಗುವಷ್ಟು ಮಬ್ಬು. ಸುಮ್ನೆ ಜಿಪುಣತನಕ್ಕೆ ಹಾಗೆ ಮಾಡುವುದಿಲ್ಲ ಅವರು.

ಜರಿ ಕಪ್ಪಾಗಿರುವುದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಅಂಗಡಿ ತೆರೆದು ನಾಲ್ಕೈದು ವರ್ಷ ಆಗಿರಬೇಕು. ಒಬ್ಬರು ತಮ್ಮ ಮದುವೆಯ ಸೀರೆ ತಂದಿದ್ದರು, ಅಗಲ ಅಂಚು, ಎಲ್ಲ ಕಪ್ಪು. ನಾನು ಜಾಣ ಅಂತ, ಅಕ್ಕಸಾಲಿಗರು ಬೆಳ್ಳಿ ಹೊಳೆಯಿಸಲು ಬಳಸುವ ದ್ರಾವಣ ತಂದು ಹತ್ತಿಯಲ್ಲಿ ಅದ್ದಿ ಒರೆಸಿದೆ. ಅರ್ಧ ಗಂಟೆಯಲ್ಲಿ ಫಳಫಳ. ಅವರಿಗೂ ಖುಷಿ, ನನಗೂ ಖುಷಿ. ಮರುವರ್ಷ ಅದೇ ಸೀರೆ ವಾಪಸ್ ಬಂತು, ಮೊದಲಿಗಿಂತ ಕಪ್ಪಾಗಿ, ಅಂಚಿನ ಪಕ್ಕದ ರೇಷ್ಮೆ ಸುಟ್ಟ ಕಾಗದದ ಹಾಗೆ ಮುರಿಯುತ್ತಿತ್ತು. ಆ ದ್ರಾವಣದಲ್ಲಿ ಆಮ್ಲ ಇರುತ್ತದೆ, ನೂಲಿನೊಳಗೆ ಸೇರಿದ ಮೇಲೆ ಅದನ್ನು ಪೂರ್ತಿ ತೊಳೆದು ತೆಗೆಯಲು ಆಗುವುದಿಲ್ಲ. ಆ ಸೀರೆಯ ದುಡ್ಡು ಕೊಟ್ಟೆ, ಅವರು ತೆಗೆದುಕೊಂಡರು, ಮತ್ತೆ ಅಂಗಡಿಗೆ ಬರಲಿಲ್ಲ.

ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ, ಅದರ ಮೇಲೆ ಚಿನ್ನದ ನೀರು ಕೊಟ್ಟಿದ್ದು. ಮೈಸೂರು ಸಿಲ್ಕ್‌ನವರು ತಮ್ಮ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಅನ್ನುತ್ತಾರೆ. ಅಂದರೆ ಕಣ್ಣಿಗೆ ಕಾಣುವ ಬಂಗಾರವೆಲ್ಲ ಉಸಿರಿನಷ್ಟು ತೆಳು ಪದರ. ಗಾಳಿಯಲ್ಲಿನ ಗಂಧಕ ಬೆಳ್ಳಿಗೆ ತಾಗಿದಾಗ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡು, ಉಣ್ಣೆ ಶಾಲು, ನ್ಯೂಸ್‌ಪೇಪರು ಪಕ್ಕದಲ್ಲಿದ್ದರೆ ಬೇಗ ಕಪ್ಪಾಗುತ್ತದೆ, ಬೆವರು, ಸೆಂಟು ತಾಗಿದರೂ ಅಷ್ಟೇ. ಆ ಕಪ್ಪನ್ನು ಹುಣಸೆಹಣ್ಣು, ನಿಂಬೆ, ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಿದರೆ ಕಪ್ಪಿನ ಜೊತೆ ಬಂಗಾರವೂ ಎದ್ದುಹೋಗುತ್ತದೆ. ನಿಮ್ಮ ಕಂಚಿ ಸೀರೆಯ ಜರಿ ಅಸಲಿಯೋ ಅಲ್ಲವೋ ಅಂತ ಒಂದು ಎಳೆ ತೆಗೆದು ನೋಡಬಹುದು, ಸೆರಗಿನ ತುದಿಯಲ್ಲಿ ಬಿಟ್ಟಿರುವ ಎಳೆ ಸಾಕು. ಉಗುರಿನಿಂದ ಕೆರೆದಾಗ ಒಳಗೆ ಕೆಂಪು ರೇಷ್ಮೆ ನೂಲು ಕಂಡರೆ ಬಹುಮಟ್ಟಿಗೆ ಅಸಲಿ. ತಾಮ್ರದ ಮೇಲೆ ಬೆಳ್ಳಿ ನೀರು ಕೊಟ್ಟ ಜರಿ ಕಂದಾಗಿ, ಆಮೇಲೆ ಹಸಿರಾಗುತ್ತದೆ. ಪಕ್ಕದ ಮನೆಯವರ ವಿನೆಗರ್ ತಾಗಿದರಂತೂ ಇನ್ನೂ ಬೇಗ. ಪ್ಲಾಸ್ಟಿಕ್ ಜರಿ ಕಪ್ಪಾಗುವುದೇ ಇಲ್ಲ, ಸಿಪ್ಪೆ ಏಳುತ್ತದೆ.

ಹಾಗಾದರೆ ಕಪ್ಪು ಜರಿಗೆ ಏನು ಮಾಡಬೇಕು? ಏನೂ ಮಾಡಬಾರದು ಅನ್ನುತ್ತೇನೆ. ಒಣ ಮಲ್ಮಲ್ ಬಟ್ಟೆಯಿಂದ ಜರಿಯ ಉದ್ದಕ್ಕೆ ಒಮ್ಮೆ ಒತ್ತಿ ತೆಗೆಯಿರಿ, ಸಾಕು. ಹಳೆಯ ಜರಿಗೆ ಒಂದು ಮಸುಕು ಬಣ್ಣ ಬರುತ್ತದೆ, ನನಗೆ ಅದು ಹೊಸ ಜರಿಯ ಕಿರುಚುವ ಹೊಳಪಿಗಿಂತ ಚಂದ ಕಾಣುತ್ತದೆ, ನನ್ನ ಹೆಂಡತಿ ಮಾತ್ರ ಒಪ್ಪುವುದಿಲ್ಲ.

ಡ್ರೈಕ್ಲೀನಿಂಗ್‌ನವನು ಹೇಳಿದ ಪಾಲಿಶ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ, ನಾನೂ ಅದನ್ನೇ ಮಾಡಿ ದುಡ್ಡು ಮಾಡಿದವನು. ಪಾಲಿಶ್ ಎಂದರೆ ಬಹುತೇಕ ಗೋಂದು ಅಥವಾ ಗಂಜಿಯಂಥದ್ದು ಸಿಂಪಡಿಸಿ, ಬಿಸಿ ರೋಲರ್‌ನಲ್ಲಿ ಎಳೆಯುವುದು. ಸೀರೆ ಗರಿಗರಿಯಾಗಿ ಅಂಗಡಿಯಿಂದ ಈಗ ತಂದ ಹಾಗೆ ಕಾಣುತ್ತದೆ. ಉಡುವ ಸೀರೆಗೆ, ಆ ವಾರದಲ್ಲಿ ಫಂಕ್ಷನ್ ಇದೆ ಅಂದರೆ, ತಕರಾರಿಲ್ಲ. ಆದರೆ ಇಡುವ ಸೀರೆಗೆ ಪಾಲಿಶ್ ಮಾಡಿಸುವುದೆಂದರೆ ಬೂಷ್ಟಿಗೂ ಹುಳಕ್ಕೂ ಎಲೆ ಹಾಕಿ ಬಡಿಸಿದ ಹಾಗೆ. ಗರಿಗರಿ ಮಡಿಕೆ ಬೇಗ ಸೀಳುವುದು ಬೇರೆ. ಬೂಷ್ಟಿನ ಮೇಲೆ ಪಾಲಿಶ್ ಹೊಡೆದರೆ ಆ ಚುಕ್ಕೆ ಒಳಗೇ ಕೂತುಬಿಡುತ್ತದೆ.

ಡ್ರೈಕ್ಲೀನಿಂಗ್ ಬೇರೆ, ಅದನ್ನು ಮಾಡಿಸಿ, ಆದರೆ ಮಳೆ ನಿಂತ ಮೇಲೆ. ಅದರ ಹೆಸರಿನಲ್ಲಿ ಇರುವ ಡ್ರೈ ನೀರಿಲ್ಲ ಅಂತ ಅಷ್ಟೇ. ಬಟ್ಟೆ ಸಾಲ್ವೆಂಟಿನಲ್ಲಿ ನೆನೆದೇ ನೆನೆಯುತ್ತದೆ. ದೊಡ್ಡ ಮಷೀನುಗಳಲ್ಲಿ ಪರ್ಕ್, ಅಂದರೆ ಪರ್‌ಕ್ಲೋರೋಎಥಿಲೀನ್ ಅನ್ನುವ ರಾಸಾಯನಿಕ, ಸಣ್ಣ ಅಂಗಡಿಗಳಲ್ಲಿ ಟರ್ಪೆಂಟೈನ್ ಜಾತಿಯ ಎಣ್ಣೆ, ಜನ ಅದನ್ನು ಪೆಟ್ರೋಲ್ ವಾಶ್ ಅನ್ನುತ್ತಾರೆ. ಇವು ಎಣ್ಣೆ ಜಿಡ್ಡು ತೆಗೆಯುತ್ತವೆ, ಬೆವರು ಸಕ್ಕರೆ ತೆಗೆಯುವುದಿಲ್ಲ. ಆದ್ದರಿಂದ ಕೊಡುವಾಗ ಬಾಯಿಬಿಟ್ಟು ಹೇಳಬೇಕು: ಇಲ್ಲಿ ಬೂಷ್ಟು ಇತ್ತು, ಇಲ್ಲಿ ಬಹುಶಃ ಪಾಯಸ ಚೆಲ್ಲಿತ್ತು, ಜರಿ ಅಸಲಿ, ಪಾಲಿಶ್ ಬೇಡ, ಗಂಜಿ ಬೇಡ. ಅವನು ಚೀಟಿಯಲ್ಲಿ ಬರೆದುಕೊಳ್ಳದಿದ್ದರೆ ಇನ್ನೊಂದು ಅಂಗಡಿ ನೋಡಿ. ತಂದ ಮೇಲೆ ಸೀಮೆಎಣ್ಣೆಯಂಥ ವಾಸನೆ ಬಂದರೆ ಸರಿಯಾಗಿ ಆರಿಲ್ಲ ಎಂದರ್ಥ, ಒಂದು ದಿನ ಗಾಳಿಗೆ ಹರಡಿ. ಅವರು ಕೊಡುವ ತೆಳು ಪ್ಲಾಸ್ಟಿಕ್ ಅಂಗಡಿಯಿಂದ ಮನೆಯವರೆಗಿನ ರಸ್ತೆಗೆ ಮಾತ್ರ, ಅದರಲ್ಲೇ ಕಪಾಟಿಗೆ ಹೋಗುವ ಸೀರೆಗಳನ್ನು ನೋಡಿ ನನಗೆ ಸಾಕಾಗಿದೆ.

ಮನೆಯಲ್ಲಿ ರೇಷ್ಮೆ ಒಗೆಯಬಹುದಾ ಅಂತ ಮುಂದೆ ಕೇಳುತ್ತೀರಿ. ಜರಿ ಕಡಿಮೆ ಇರುವ, ಬಣ್ಣ ಬಿಡದ ರೇಷ್ಮೆಯನ್ನು ಒಗೆಯಬಹುದು. ಬಿಳಿ ಬಟ್ಟೆ ಒದ್ದೆ ಮಾಡಿ ಸೀರೆಯ ಒಳಮೂಲೆಗೆ ಐದು ನಿಮಿಷ ಒತ್ತಿಡಿ, ಬಟ್ಟೆಗೆ ಬಣ್ಣ ಹತ್ತಿದರೆ ನೀರಿನ ಆಸೆ ಬಿಡಿ. ಹತ್ತದಿದ್ದರೆ ಅಂಟುವಾಳ ಕಾಯಿಯ ನೊರೆ, ತಣ್ಣೀರು, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆಯುವುದು, ನೆರಳಲ್ಲಿ ಒಣಗಿಸುವುದು. ತೀರಾ ತಿಳಿಬಣ್ಣಕ್ಕೆ ಅಂಟುವಾಳವೂ ಸ್ವಲ್ಪ ಕಂದು ಛಾಯೆ ಕೊಡುತ್ತದೆ, ನೆನಪಿರಲಿ. ಮಾಮೂಲಿ ಬಟ್ಟೆ ಪುಡಿ ಬೇಡ. ರೇಷ್ಮೆ ಪ್ರೋಟೀನು, ರಕ್ತ ಮತ್ತು ಹಾಲಿನ ಕಲೆ ತಿನ್ನಲೆಂದು ಎಷ್ಟೋ ಪುಡಿಗಳಿಗೆ ಸೇರಿಸುವ ಕಿಣ್ವ ರೇಷ್ಮೆಯನ್ನೂ ತಿನ್ನುತ್ತದೆ. ಬ್ಲೀಚ್ ಅಂತೂ ಕರಗಿಸಿಯೇ ಬಿಡುತ್ತದೆ.

ಇಳಕಲ್ ಕಥೆ ಬೇರೆ, ಅದು ಒಂದೇ ಸೀರೆಯಲ್ಲಿ ಎರಡು ಬಟ್ಟೆ. ಮೈ ಹತ್ತಿಯದಾದರೆ ಸೆರಗಿನ ಹಾಸು, ಅಂದರೆ ಉದ್ದದ ಎಳೆ, ರೇಷ್ಮೆ ಇಲ್ಲವೇ ಚಮಕಾ ಅನ್ನುವ ಕೃತಕ ರೇಷ್ಮೆಯದು, ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ನೀರಿಗೆ ಹತ್ತಿ ಕುಗ್ಗುವ ಲೆಕ್ಕ ಬೇರೆ, ಸೆರಗು ಕುಗ್ಗುವ ಲೆಕ್ಕ ಬೇರೆ. ಕೊಂಡಿಯ ಜಾಗದಲ್ಲಿ ಸುಕ್ಕು ಬೀಳುವುದು, ಟೋಪ್ ತೆನಿ ಅನ್ನುವ ಇಳಕಲ್ಲಿನ ಕೆಂಪು ಸೆರಗಿನ ಬಣ್ಣ ಮೈಗೆ ಇಳಿಯುವುದು ಇದರಿಂದಲೇ. ಬಕೆಟ್ಟಿನಲ್ಲಿ ನೆನೆಹಾಕಿ ಮರೆತುಬಿಡುವ ಸೀರೆ ಅಲ್ಲ ಅದು.

ನಿಶ್ಚಯಕ್ಕೆ ಇಳಕಲ್ಲನ್ನೇ ಉಡಿ. ಅರಿಶಿನದ ಕಲೆ ಇಲ್ಲದ್ದನ್ನು ಒಣಗಿಸಿ, ಬ್ರಷ್ ಮಾಡಿ, ಎರಡು ದಿನ ಗಾಳಿಗೆ ಬಿಟ್ಟು, ಚುಕ್ಕೆ ಪೂರ್ತಿ ಹೋಗಿದ್ದರೆ ಒಳಮೈಯಿಂದ ಇಸ್ತ್ರಿ ಮಾಡಿದರೆ ಸಾಕು. ಮೈಸೂರು ಸಿಲ್ಕ್ ಮತ್ತು ಕಂಚಿಯನ್ನು ಈ ಸಲ ಬಿಟ್ಟುಬಿಡಿ. ಅವುಗಳನ್ನು ಉಟ್ಟು, ಸೆಪ್ಟೆಂಬರಿನ ಸೆಖೆಯಲ್ಲಿ ಬೆವರಿ, ಮತ್ತೆ ಮಡಚಿ ಇಟ್ಟರೆ ಕೇಳುವುದೇ ಬೇಡ.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದು, ಇಲ್ಲಿಯವರು ಅಕ್ಟೋಬರ್ ಹೀಟ್ ಎಂದು ಬೈಯುವ ಒಣ ಸೆಖೆ ಶುರುವಾಗುತ್ತದಲ್ಲ, ಸೀರೆಗೆ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ದಿನಗಳಿಲ್ಲ. ಕಪಾಟು ಖಾಲಿ ಮಾಡಿ, ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಒಳಗೆ ಒಣ ಬಟ್ಟೆಯಲ್ಲಿ ಒರೆಸಿ, ತುಕ್ಕಿದ್ದರೆ ಕೆರೆದು ಬಣ್ಣ ಹಚ್ಚಿ ಪೂರ್ತಿ ಒಣಗಿಸಿ. ತುಕ್ಕಿನ ಕಲೆ ರೇಷ್ಮೆಗೆ ಹತ್ತಿದರೆ ನನ್ನಂಥವರೂ ಕೈಚೆಲ್ಲುತ್ತೇವೆ. ಆಮೇಲೆ ಒಂದೊಂದು ಸೀರೆಯನ್ನೂ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ಹೊಸದು ಕೊಳ್ಳಬೇಕಿಲ್ಲ, ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಹತ್ತು ಸಲ ಒಗೆದು ಮೆತ್ತಗಾದ ಬಿಳಿ ಪಂಚೆಯೇ ಬೇಕು, ಬಣ್ಣದ್ದು ಬೇಡ. ಜರಿಯ ಅಂಚು ಜರಿಗೆ ತಾಗದ ಹಾಗೆ ನಡುವೆ ಒಂದು ಮಡಿಕೆ ಮಲ್ಮಲ್ ಇಡಿ. ಮಡಿಕೆಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ, ಅದೇ ಗೆರೆಯಲ್ಲಿ ಮತ್ತೆ ಮಡಚಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ನೀರು ಹೀರಿ ಡಬ್ಬಿಯಲ್ಲಿ ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡುವುದಾದರೆ ಕೆಳಗಿನ ಖಾನೆಯ ಮೂಲೆಯಲ್ಲಿ ಮಾತ್ರ. ಅದು ಮೇಲಿನಿಂದ ಮಗುಚಿ ಸೀರೆಯ ಮೇಲೆ ಬಿದ್ದರೆ ಬೂಷ್ಟೇ ವಾಸಿಯಾಗಿತ್ತು ಅನಿಸುತ್ತದೆ.

ಹುಳಕ್ಕೆ ಗುಳಿಗೆ ಇಲ್ಲದೆ ಹೇಗೆ ಅಂದರೆ, ರೇಷ್ಮೆ ಉಣ್ಣೆ ತಿನ್ನುವ ಮರಿಹುಳಕ್ಕೆ ಬೆವರು, ಎಣ್ಣೆ ಹತ್ತಿದ ಜಾಗವೇ ಇಷ್ಟ. ಗಂಜಿ ತಿನ್ನುವ ಆ ಬೆಳ್ಳಿಬಣ್ಣದ ಸಿಲ್ವರ್‌ಫಿಶ್‌ಗೆ ಹತ್ತಿ ಸೀರೆ ಇಷ್ಟ. ಎರಡಕ್ಕೂ ಮದ್ದು ಒಂದೇ, ಕೊಳೆ ಗಂಜಿ ಇಲ್ಲದೆ ಇಡುವುದು, ಆಗಾಗ ತೆಗೆದು ಝಾಡಿಸುವುದು. ಬೇಕಿದ್ದರೆ ಬಜೆಯ ತುಂಡನ್ನೋ ಲಾವಂಚವನ್ನೋ ಚೀಲದಲ್ಲಿ ಕಟ್ಟಿ ಮೂಲೆಗಿಡಿ, ಸೀರೆಗೆ ತಾಗದಂತೆ. ಬೇವಿನ ಎಲೆ ಇಡುವವರು ಗರಗರ ಒಣಗಿಸಿ ಇಡಬೇಕು, ಅರೆಬರೆ ಒಣಗಿದ ಎಲೆ ತನ್ನ ತೇವವನ್ನು ಸೀರೆಗೇ ಕೊಡುತ್ತದೆ.

ಉಳಿದದ್ದು ಅರಿಶಿನದ ಕಲೆ. ಅದಕ್ಕೆ ಸಾಬೂನು ಹಾಕಿದ ತಕ್ಷಣ ರಕ್ತದ ಹಾಗೆ ಕೆಂಪಾದರೆ ಹೆದರಬೇಡಿ, ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗುವುದು ಸಹಜ, ತೊಳೆದರೆ ಮತ್ತೆ ಹಳದಿಯಾಗುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಲೆ ಹತ್ತಿಯ ಮೈಮೇಲಿದ್ದರೆ, ಅಕ್ಟೋಬರಿನಲ್ಲಿ ಅಷ್ಟು ಜಾಗವನ್ನು ಮಾತ್ರ ಒದ್ದೆ ಮಾಡಿ, ಉಳಿದ ಸೀರೆಯನ್ನು ದಪ್ಪ ಬಟ್ಟೆಯಲ್ಲಿ ಮುಚ್ಚಿ, ಒಂದೊಂದು ಗಂಟೆಯಂತೆ ಮೂರ್ನಾಲ್ಕು ದಿನ ಬಿಸಿಲು ತೋರಿಸಿ. ಸೀರೆಯ ಬಣ್ಣ ಇಳಿಯುತ್ತಿದೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ಸೆರಗಿನ ಮೇಲಿದ್ದರೆ ಹಾಗೇ ಬಿಡಿ, ಸೆರಗನ್ನು ಬಿಸಿಲಿಗೆ ಕೊಟ್ಟು ಕಲೆ ತೆಗೆಯುವುದು ನಷ್ಟದ ವ್ಯಾಪಾರ. ಕಲೆ ಎಲ್ಲಿದೆ ಅಂತ ನೀವು ಬರೆದಿಲ್ಲ.

ಅಂದಹಾಗೆ ನಿಶ್ಚಯದ ದಿನ ಸೆಂಟು ಹೊಡೆದುಕೊಳ್ಳುವುದಾದರೆ ಸೀರೆ ಉಡುವ ಮೊದಲೇ ಹೊಡೆದುಕೊಳ್ಳಿ, ಒಣಗಲಿ. ಮನೆಗೆ ಬಂದ ಮೇಲೆ ಎಷ್ಟೇ ದಣಿದಿದ್ದರೂ ಸೀರೆಯನ್ನು ಆ ರಾತ್ರಿಯೇ ಮಡಚಬೇಡಿ, ಕುರ್ಚಿಯ ಬೆನ್ನಿನ ಮೇಲೆ ಹರಡಿ ಬೆಳಗಿನವರೆಗೆ ಬಿಡಿ.